ಪರದೆಯ ಮೇಲೆ 160

ಊರಿನಲ್ಲಿ ರಾತ್ರಿ ಎಂಟು ಹೊಡೆಯುವಾಗ ಇಲ್ಲಿ ಸಂಜೆ ಆರೂವರೆ. ಆ ಹೊತ್ತಿಗೆ ನಮ್ಮ ಆಸ್ಪತ್ರೆಯ ವ್ಯಾನು ದುಬೈಯಿಂದ ಶಾರ್ಜಾ ಕಡೆಗೆ ಅಲ್ ಇತ್ತಿಹಾದ್ ರಸ್ತೆಯಲ್ಲಿ ನಿಂತಿರುತ್ತದೆ. ಸಾಗುತ್ತಿರುತ್ತದೆ ಎಂದು ಬರೆಯಬೇಕಿತ್ತು, ಆದರೆ ಆ ರಸ್ತೆ ಗೊತ್ತಿರುವವರು ನಗುತ್ತಾರೆ. ಕಳೆದ ವರ್ಷ ವಾರಕ್ಕೆರಡು ಸಲ ನಮ್ಮ ಕಾಲೇಜು ನಡೆದದ್ದು ಆ ವ್ಯಾನಿನ ಕೊನೆಯ ಸೀಟಿನಲ್ಲಿ. ಒಂದು ಮೊಬೈಲು, ಮೂರು ತಲೆ. ಮುಂದಿನ ಸೀಟಿನ ಕೇರಳದ ನರ್ಸುಗಳು ನಮಗಾಗಿ ಹಾಡಿನ ಸದ್ದು ತಗ್ಗಿಸುತ್ತಿದ್ದರು. ಡ್ರೈವರ್ ಪೇಶಾವರದ ಹಿರಿಯ, ಕನ್ನಡಿಯಲ್ಲಿ ನಮ್ಮನ್ನು ನೋಡಿ ಈ ವಯಸ್ಸಿನಲ್ಲಿ ಇವರಿಗೇನು ಬಂತು ಎಂಬಂತೆ ತಲೆಯಾಡಿಸುತ್ತಿದ್ದರು.

ನಾವು ಎಂದರೆ ರಾಯಚೂರಿನವರು ಒಬ್ಬರು, ಪುತ್ತೂರಿನವರು ಒಬ್ಬರು, ಹಾಸನದ ಅಕ್ಕ ಒಬ್ಬರು. ಮೂವರಿಗೂ ನಲವತ್ತು ದಾಟಿದೆ. ಮೂವರದೂ ಡಿ.ಫಾರ್ಮ್. ಒಂದೇ ಫಾರ್ಮಸಿಯ ಒಂದೇ ಕೌಂಟರಿನ ಹಿಂದೆ ಹನ್ನೊಂದು ವರ್ಷ ನಿಂತಿದ್ದೇವೆ. ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಘದ ಗೆಳೆಯರು ಕೇಳಿದಾಗ ಬರೆಯಲು ಕೂತ ಕೈ ಒಂದೇ. ಆದರೆ ಪುಟ ಮುಗಿದಂತೆಲ್ಲ ಮಿಕ್ಕ ಇಬ್ಬರಿಗೆ ಓದಿ ಹೇಳಿ ಒಪ್ಪಿಗೆ ಪಡೆದದ್ದಾಗಿದೆ. 'ನಾವು' ಎಂದೇ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದು ಮುಂದೆ ಬರುತ್ತದೆ.

ನಾವು ಸೇರಿದ್ದು ಊರಿನ ಕಡೆಯ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಬಿಬಿಎಗೆ. ಫಾರ್ಮಸಿ ಬಿಟ್ಟು ಬಿಬಿಎ ಯಾಕೆ ಎಂದು ಕೇಳಿದವರೇ ಹೆಚ್ಚು. ಕಾರಣ ಸರಳ. ಸ್ಟೋರ್ ಇನ್‌ಚಾರ್ಜ್ ಹುದ್ದೆ ಖಾಲಿಯಾದಾಗ ನೋಟೀಸಿನಲ್ಲಿ 'ಯಾವುದಾದರೂ ಪದವಿ ಕಡ್ಡಾಯ' ಎಂದಿತ್ತು. ಊರಿನಲ್ಲಿ ನಾವು ರಿಜಿಸ್ಟರ್ಡ್ ಫಾರ್ಮಸಿಸ್ಟರು, ಹಳ್ಳಿಯಿಂದ ಬಂದವರು 'ಡಾಕ್ಟ್ರೇ' ಎಂದು ಕರೆದದ್ದೂ ಉಂಟು. ಇಲ್ಲಿ ಡಿಪ್ಲೊಮಾ ಎಂದರೆ ಒಂದು ಮೆಟ್ಟಿಲು ಕೆಳಗೆ. ಆ ಹುದ್ದೆಗೆ ಬಂದ ಹುಡುಗನಿಗೆ ಇನ್ಸುಲಿನ್ ಯಾವ ಫ್ರಿಜ್ಜಿನಲ್ಲಿದೆ ಎಂದು ತೋರಿಸಿಕೊಟ್ಟವರು ನಾವೇ. ಒಳ್ಳೆಯ ಹುಡುಗ, ಅವನ ಮೇಲೆ ಸಿಟ್ಟಿಲ್ಲ. (ಓದಲು ಹೊರಟವರಿಗೆ ಒಂದು ಮಾತು: ಫೀಸು ಕಟ್ಟುವ ಮೊದಲು ಆ ಪದವಿಯನ್ನು ನಿಮ್ಮ ಕಂಪನಿಯೂ ಇಲ್ಲಿನ ಸರ್ಕಾರಿ ಕಚೇರಿಯೂ ಒಪ್ಪುತ್ತವೆಯೇ, ಅಟೆಸ್ಟೇಶನ್ ಹೇಗೆ ಎಂದು ಬರಹದಲ್ಲಿ ಕೇಳಿಕೊಳ್ಳಿ.)

ಮೊದಲ ಸೆಮಿಸ್ಟರಿನ ಪಟ್ಟಿಯಲ್ಲಿ 'ಬಿಸಿನೆಸ್ ಇನ್ಫರ್ಮೇಶನ್ ಸಿಸ್ಟಮ್ಸ್: ಪರಿಚಯ' ಎಂಬ ವಿಷಯ ಕಂಡಾಗ ಇದೊಂದು ಸಲೀಸು ಎಂದುಕೊಂಡೆವು. ಇಷ್ಟು ವರ್ಷ ಕಂಪ್ಯೂಟರಿನ ಮುಂದೆಯೇ ಬದುಕು. ಇಂಡೆಂಟು, ರಸೀದಿ, ಬ್ಯಾಚು, ಎಕ್ಸ್‌ಪೈರಿ ಎಲ್ಲವೂ ಬೆರಳ ತುದಿಯಲ್ಲಿ. ಅಕೌಂಟ್ಸ್ ನೋಡಿ ಹೆದರಿದ್ದೆವು, ಇದನ್ನು ನೋಡಿ ನಕ್ಕಿದ್ದೆವು.

ಆ ನಗು ಎಷ್ಟು ದಿನ ಉಳಿಯಿತು ಎಂದು ಹೇಳಬೇಕಾದರೆ, ಸೇರುವುದಕ್ಕೆ ಮೊದಲು ಬಂದ ಒಂದು ಈದ್ ರಜೆಯ ರಾತ್ರಿಯನ್ನು ಹೇಳಬೇಕು.

ರಾತ್ರಿ ಹತ್ತಕ್ಕೆ ವಾರ್ಡಿನಿಂದ ಫೋನು. ಮಲಗುವ ಹೊತ್ತಿಗೆ ಕೊಡುವ ದೀರ್ಘಕಾಲದ ಇನ್ಸುಲಿನ್ ಪೆನ್ನು ಮೂವರು ರೋಗಿಗಳಿಗೆ ಬೇಕು. ಡ್ಯೂಟಿಯಲ್ಲಿ ಪುತ್ತೂರಿನವರು. ಪರದೆಯಲ್ಲಿ ನೋಡಿದರು, 160 ಇದೆ. ಫ್ರಿಜ್ ತೆಗೆದರು, ಒಂದೂ ಇಲ್ಲ. ಎರಡನೇ ಫ್ರಿಜ್, ಕೆಳಗಿನ ಸ್ಟೋರಿನ ಕೋಲ್ಡ್ ರೂಮ್, ಲಸಿಕೆಯ ಫ್ರಿಜ್, ಎಲ್ಲ ಹುಡುಕಿ ಹತ್ತೂವರೆಗೆ ರೂಮಿನಲ್ಲಿದ್ದ ರಾಯಚೂರಿನವರಿಗೆ ಫೋನ್ ಮಾಡಿದರು. "ಸಿಸ್ಟಮಲ್ಲಿ ನೂರರವತ್ತು ಉಂಟು ಮಾರಾಯ್ರೇ, ಫ್ರಿಜ್ಜಲ್ಲಿ ಗಾಳಿ ಮಾತ್ರ." ಸಪ್ಲೈಯರಿನ ಗೋದಾಮು ರಜೆ. ರಾಯಚೂರಿನವರು ಇನ್ನೊಂದು ಆಸ್ಪತ್ರೆಯ ಪರಿಚಯದವರನ್ನು ಎಬ್ಬಿಸಿ, ಐಸ್ ಪ್ಯಾಕಿಟ್ಟ ಡಬ್ಬಿ ಹಿಡಿದು, ಹಬ್ಬದ ಜನಜಂಗುಳಿಯಲ್ಲಿ ಟ್ಯಾಕ್ಸಿ ಹತ್ತಿ ಹತ್ತು ಪೆನ್ನು ಸಾಲ ತಂದಾಗ ರಾತ್ರಿ ಒಂದು ಗಂಟೆ. ಅಷ್ಟರಲ್ಲಿ ಡ್ಯೂಟಿ ಡಾಕ್ಟರು ಬೇರೆ ಇನ್ಸುಲಿನ್‌ನಿಂದ ಸಂಭಾಳಿಸಿದ್ದರು. ಮೂವರಲ್ಲಿ ಒಬ್ಬ ಅಜ್ಜನಿಗೆ ಸಕ್ಕರೆ ಏರಿ ಬೆಳಗಿನವರೆಗೆ ಗಂಟೆಗೊಮ್ಮೆ ಬೆರಳು ಚುಚ್ಚಬೇಕಾಯಿತು. ದೇವರು ದೊಡ್ಡವನು, ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಆಮೇಲೆ ಲೆಕ್ಕ ತೆಗೆದರು. ಹದಿಮೂರು ದಿನದ ಹಿಂದೆ ಮಾಲು ಬಂದಿತ್ತು. ಒಂದು ಪೆಟ್ಟಿಗೆಯಲ್ಲಿ 5 ಪೆನ್ನು, 8 ಪೆಟ್ಟಿಗೆ, ಒಟ್ಟು 40 ಪೆನ್ನು. ರಸೀದಿ ಹಾಕುವಾಗ ಪೆಟ್ಟಿಗೆಯ ಕಾಲಂನಲ್ಲಿ 8 ಎಂದು ಒತ್ತಬೇಕಿದ್ದಲ್ಲಿ 40 ಎಂದು ಒತ್ತಲಾಗಿತ್ತು. ಸಿಸ್ಟಮ್ ನಿಷ್ಠೆಯಿಂದ ಐದರಿಂದ ಗುಣಿಸಿ 200 ಮಾಡಿಕೊಂಡಿತು. ಮೊದಲಿದ್ದ 12 ಸೇರಿ ಪರದೆಯಲ್ಲಿ 212, ಫ್ರಿಜ್ಜಿನಲ್ಲಿ 52. ದಿನಕ್ಕೆ ಸುಮಾರು 4 ಪೆನ್ನು ಹೋಗುತ್ತವೆ. ಹದಿಮೂರು ದಿನಕ್ಕೆ ಫ್ರಿಜ್ ಖಾಲಿ, ಪರದೆಯಲ್ಲಿ 160. ಮೂವತ್ತಕ್ಕೆ ಇಳಿದರೆ ಆರ್ಡರ್ ಮಾಡಿ ಎಂದು ಕೆಂಪು ಗೆರೆ ತೋರಿಸಬೇಕಾದ ಸಿಸ್ಟಮ್ ತೆಪ್ಪಗಿತ್ತು.

ರಸೀದಿ ಹಾಕಿದ ಲಾಗಿನ್ ರಾಯಚೂರಿನವರದು. ಆದರೆ ನಮ್ಮ ಕೌಂಟರಿನ ಪದ್ಧತಿಯೇ ಬೇರೆ ಇತ್ತು. ಬೆಳಗ್ಗೆ ಮೊದಲು ಬಂದವರು ಲಾಗಿನ್ ಆದರೆ ಸಂಜೆಯವರೆಗೆ ಎಲ್ಲರೂ ಅದರಲ್ಲೇ ಕೆಲಸ. ಪ್ರತಿ ಸಲ ಹೊರಗೆ ಹೋಗಿ ಒಳಗೆ ಬರುತ್ತ ಕೂತರೆ ಕಿಟಕಿಯ ಮುಂದಿನ ಸಾಲು ಲಿಫ್ಟಿನವರೆಗೆ ಬೆಳೆಯುತ್ತದೆ. ಆ ಮಧ್ಯಾಹ್ನ ಒಬ್ಬರು ಪೆಟ್ಟಿಗೆ ಒಡೆದು ಕೂಗಿ ಹೇಳುವುದು, ಒಬ್ಬರು ಎಕ್ಸ್‌ಪೈರಿ ನೋಡುವುದು, ಒಬ್ಬರು ಟೈಪ್ ಮಾಡುವುದು, ನಡುನಡುವೆ ಕಿಟಕಿಗೆ ಓಡುವುದು. 40 ಎಂದು ಒತ್ತಿದ ಬೆರಳು ಯಾರದೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಎಚ್ಚರಿಕೆ ಪತ್ರ ಮಾತ್ರ ಒಂದೇ ಹೆಸರಿಗೆ ಬಂತು. ಆ ವರ್ಷದ ಇನ್‌ಕ್ರಿಮೆಂಟೂ ಹೋಯಿತು.

ಮಿಕ್ಕ ಇಬ್ಬರು ಮೇಲಿನವರ ಬಳಿ ಹೋಗಿ, ಲಾಗಿನ್ ಎಲ್ಲರೂ ಬಳಸುತ್ತಿದ್ದೆವು ಎಂದು ಹೇಳಿದರು. ಪಾಸ್‌ವರ್ಡ್ ಹಂಚಿಕೊಂಡದ್ದೂ ತಪ್ಪೇ, ಇನ್ನೆರಡು ಪತ್ರ ಟೈಪ್ ಮಾಡಿಸಲೇ ಎಂದು ಕೇಳಿದರು ಅವರು. ಇಬ್ಬರೂ ಸುಮ್ಮನೆ ಹೊರಗೆ ಬಂದರು. ಮನೆ ಸಾಲ, ಮಕ್ಕಳ ಫೀಸು, ವೀಸಾ ಎಲ್ಲ ಆ ಬಾಗಿಲ ಬಳಿಯೇ ನೆನಪಾದವು. ಹೊರಗೆ ನಿಂತಿದ್ದ ರಾಯಚೂರಿನವರು ಏನೂ ಕೇಳಲಿಲ್ಲ, "ಚಾ ಕುಡ್ಯೂಣ ಬರ್ರಿ" ಎಂದರು. ಅವರ ಮೊದಲ ಸೆಮಿಸ್ಟರಿನ ಫೀಸನ್ನು ಉಳಿದಿಬ್ಬರು ಸೇರಿ ಕಟ್ಟಿದ್ದು ಆಮೇಲಿನ ಮಾತು. 'ನಾವು' ಎಂದು ಬರೆಯುತ್ತಿರುವುದಕ್ಕೆ ಇದೇ ಕಾರಣ.

ಇನ್ನು ಪಾಠಕ್ಕೆ ಬರೋಣ. ಇನ್ಫರ್ಮೇಶನ್ ಸಿಸ್ಟಮ್ ಎಂದರೆ ಕಂಪ್ಯೂಟರ್ ಅಲ್ಲ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದರು. ಯಂತ್ರ, ತಂತ್ರಾಂಶ, ಡೇಟಾ, ಕೆಲಸದ ಪದ್ಧತಿ, ಜನ ಇವೆಲ್ಲ ಸೇರಿದರೆ ಸಿಸ್ಟಮ್. ಇವುಗಳಲ್ಲಿ ಯಾವುದು ಹೆಚ್ಚು ಸಲ ಕೈಕೊಡುತ್ತದೆ ಹೇಳಿ ಎಂದರು. ಚಾಟಿನಲ್ಲಿ ಹುಡುಗರೆಲ್ಲ ನೆಟ್‌ವರ್ಕ್, ನೆಟ್‌ವರ್ಕ್ ಎಂದು ಬರೆದರು. ವ್ಯಾನಿನಲ್ಲಿ ನಾವು ಮೂವರೂ ಏನೂ ಬರೆಯಲಿಲ್ಲ.

ಡೇಟಾ ಬೇರೆ, ಮಾಹಿತಿ ಬೇರೆ ಎಂಬ ಪಾಠ ನಮಗೆ ಕಷ್ಟವಾಗಲಿಲ್ಲ. 320 ಎಂಬುದು ಡೇಟಾ. ಅದು ಸಕ್ಕರೆಯ ಅಂಕಿ, ಊಟಕ್ಕೆ ಮೊದಲು ತೆಗೆದದ್ದು, ಆರನೇ ಮಂಚದ ಅಜ್ಜನದು ಎಂದರೆ ಮಾಹಿತಿ, ನರ್ಸ್ ಓಡುತ್ತಾಳೆ. ರಾಯಚೂರಿನವರು ಹತ್ತನೆಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷಿನ ಪಾಠದ ಒಂದೊಂದು ಪದಕ್ಕೂ ತಮ್ಮ ನೋಟ್‌ಬುಕ್ಕಿನಲ್ಲಿ ಫಾರ್ಮಸಿಯ ಅರ್ಥ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯ ಹೊತ್ತಿಗೆ ನಾವು ಮೂವರೂ ಓದಿದ್ದು ಪಠ್ಯಪುಸ್ತಕವನ್ನಲ್ಲ, ಆ ನೋಟ್‌ಬುಕ್ಕನ್ನು.

ಅದರಲ್ಲಿ ಒಂದು ಪುಟ ಇಲ್ಲಿ ಬರೆಯಲೇಬೇಕು. ಯಾವ ಸಿಸ್ಟಮಿಗಾದರೂ ಒಳಗೆ ಹೋಗುವುದು, ಒಳಗೆ ನಡೆಯುವುದು, ಹೊರಗೆ ಬರುವುದು ಎಂಬ ಮೂರು ಭಾಗ ಇರುತ್ತವೆ. ಹೊರಗೆ ಬಂದದ್ದನ್ನು ಅಳೆದು ಮತ್ತೆ ಒಳಕ್ಕೆ ತಿಳಿಸುವ ನಾಲ್ಕನೆಯದು ಫೀಡ್‌ಬ್ಯಾಕ್. ಮೇಷ್ಟ್ರು ಏಸಿಯ ಥರ್ಮೋಸ್ಟಾಟಿನ ಉದಾಹರಣೆ ಕೊಟ್ಟರು. ರಾಯಚೂರಿನವರು ಬರೆದುಕೊಂಡದ್ದು ಹೀಗೆ: ಮೇದೋಜೀರಕ ಗ್ರಂಥಿ. ರಕ್ತದಲ್ಲಿ ಸಕ್ಕರೆ ಏರಿದರೆ ಅದಕ್ಕೆ ಗೊತ್ತಾಗುತ್ತದೆ, ಇನ್ಸುಲಿನ್ ಬಿಡುತ್ತದೆ. ಇಳಿದರೆ ಕೈ ಹಿಡಿಯುತ್ತದೆ. ಇದು ಕೆಟ್ಟವರು ಹೊರಗಿನಿಂದ ಗ್ಲುಕೋಮೀಟರ್ ಹಿಡಿದು ಬೆರಳು ಚುಚ್ಚಿ ಅಳೆಯಬೇಕು. ಅಳೆಯದೆ, ನಿನ್ನೆ ಇಷ್ಟಿತ್ತು, ಇವತ್ತು ಇಷ್ಟು ತಿಂದೆ, ಆದ್ದರಿಂದ ಇಷ್ಟಿರಬೇಕು ಎಂದು ಲೆಕ್ಕ ಹಾಕಿ ಇನ್ಸುಲಿನ್ ಚುಚ್ಚಿಕೊಂಡರೆ ಏನಾದೀತು? ನಮ್ಮ ಸ್ಟಾಕು ನಡೆಯುತ್ತಿದ್ದದ್ದೇ ಹಾಗೆ. ಬಂದದ್ದನ್ನು ಕೂಡಿಸಿ, ಕೊಟ್ಟದ್ದನ್ನು ಕಳೆದು, ಉಳಿದದ್ದು ಫ್ರಿಜ್ಜಿನಲ್ಲಿದೆ ಎಂದು ನಂಬುವುದು. ಫ್ರಿಜ್ಜಿಗೆ ಯಾರೂ ಬೆರಳು ಚುಚ್ಚುತ್ತಿರಲಿಲ್ಲ. ತಿಂಗಳಿಗೊಮ್ಮೆ ಎಣಿಕೆ, ಅದೂ ರಜೆ ಬಂದರೆ ಮುಂದಕ್ಕೆ.

ಆ ಪುಟ ಓದಿದ ದಿನ ವ್ಯಾನು ಅಲ್ ನಹ್ದಾ ತಲುಪುವವರೆಗೂ ಯಾರೂ ಮಾತಾಡಲಿಲ್ಲ. ಇಳಿಯುವಾಗ ಹಾಸನದ ಅಕ್ಕ ಮೆಲ್ಲಗೆ ಅಂದರು, "ಫ್ರಿಜ್ಜು ಖಾಲಿ ಆಗ್ತಿದ್ದನ್ನ ನಾವು ನೋಡಿದ್ವಿ ಕಣ್ರೀ." ಹೌದು, ನೋಡಿದ್ದೆವು. ಕೊನೆಯ ಮೂರ್ನಾಲ್ಕು ದಿನ ಬಾಗಿಲು ತೆಗೆದವರೆಲ್ಲ ತಟ್ಟೆ ಬರಿದಾಗುತ್ತಿದ್ದುದನ್ನು ಕಂಡಿದ್ದೆವು. ಆದರೆ ಪರದೆಯಲ್ಲಿ 170 ಇದೆಯಲ್ಲ, ಕೆಳಗಿನ ಫ್ರಿಜ್ಜಿನಲ್ಲಿರಬೇಕು ಎಂದುಕೊಂಡೆವು. ಕಣ್ಣಿಗಿಂತ ಪರದೆಯನ್ನು ನಂಬಿದೆವು. ಊರಿನ ಆಸ್ಪತ್ರೆಯ ಸ್ಟೋರಿನಲ್ಲಿ ಕಪಾಟಿಗೊಂದು ಬಿನ್ ಕಾರ್ಡು ನೇತಾಡುತ್ತಿದ್ದಾಗ, ಡಬ್ಬಿ ತೆಗೆಯುವ ಕೈಯೇ ಕಾರ್ಡಿನಲ್ಲಿ ಬರೆಯುತ್ತಿತ್ತು. ಮಾಲೂ ಲೆಕ್ಕವೂ ಒಂದೇ ಗೂಡಿನಲ್ಲಿ ಇದ್ದವು. ಹಳೆಯದೇ ಚೆನ್ನಾಗಿತ್ತು ಎಂದು ಹೇಳುತ್ತಿಲ್ಲ, ಆ ಕಾರ್ಡುಗಳನ್ನು ಇಲಿ ತಿಂದದ್ದೂ ನೆನಪಿದೆ.

ಡಿ.ಫಾರ್ಮ್ ಎರಡನೇ ವರ್ಷದಲ್ಲಿ 'ಡ್ರಗ್ ಸ್ಟೋರ್ ಅಂಡ್ ಬಿಸಿನೆಸ್ ಮ್ಯಾನೇಜ್‌ಮೆಂಟ್' ಎಂಬ ವಿಷಯ ಇತ್ತು. ನಮ್ಮ ಕಾಲದಲ್ಲಿ ಓದಿದವರಿಗೆಲ್ಲ ನೆನಪಿರಬಹುದು. ದುಬಾರಿ ಮಾಲಿಗೆ ಹೆಚ್ಚು ಕಾವಲು ಎನ್ನುವ ಎಬಿಸಿ, ಜೀವ ಉಳಿಸುವ ಮಾಲಿಗೆ ಹೆಚ್ಚು ಕಾವಲು ಎನ್ನುವ ವಿಇಡಿ, ಒಂದು ಸಲಕ್ಕೆ ಎಷ್ಟು ಆರ್ಡರ್ ಮಾಡಿದರೆ ಖರ್ಚು ಕಡಿಮೆ ಎನ್ನುವ ವರ್ಗಮೂಲದ ಸೂತ್ರ. ಬಾಯಿಪಾಠ ಮಾಡಿ ಬರೆದು ಮರೆತದ್ದು. ಆ ಸೂತ್ರವನ್ನು ಫೋರ್ಡ್ ಹ್ಯಾರಿಸ್ ಎಂಬ ಅಮೆರಿಕದ ಎಂಜಿನಿಯರ್ 1913ರಲ್ಲೇ ಬರೆದಿದ್ದ ಎಂದು ಈಗ ತಿಳಿಯಿತು. ಕಂಪ್ಯೂಟರ್ ಮಾಡುವುದೂ ಅದೇ ಲೆಕ್ಕವನ್ನೇ, ಬೇಗ ಮಾಡುತ್ತದೆ ಅಷ್ಟೆ. ತಪ್ಪು ಅಂಕಿ ಕೊಟ್ಟರೆ ತಪ್ಪನ್ನೂ ಬೇಗ ಮಾಡುತ್ತದೆ.

ನಮಗೆ ತೀರಾ ಹತ್ತಿರವಾದ ಇನ್ನೊಂದು ಪಾಠ ಅಮೆರಿಕನ್ ಹಾಸ್ಪಿಟಲ್ ಸಪ್ಲೈ ಎಂಬ ಕಂಪನಿಯದು. ಈ ವಿಷಯದ ತರಗತಿಗಳಲ್ಲಿ ತುಂಬ ಹಳೆಯ ಉದಾಹರಣೆಯಂತೆ. 1970ರ ದಶಕದಲ್ಲಿ ಆ ಕಂಪನಿ ಆಸ್ಪತ್ರೆಗಳ ಒಳಗೇ ತನ್ನ ಟರ್ಮಿನಲ್ ಕೂರಿಸಿತು. ಹತ್ತಿ, ಸೂಜಿ, ಗ್ಲೋವ್ಸ್ ಏನು ಬೇಕೋ ಅಲ್ಲಿಂದಲೇ ಆರ್ಡರ್, ಮಾಲು ಬೇಗ ಬರುತ್ತಿತ್ತು, ಆಸ್ಪತ್ರೆಗಳು ಗೋದಾಮಿನಲ್ಲಿ ರಾಶಿ ಹಾಕಿಕೊಳ್ಳುವುದು ತಪ್ಪಿತು. ಒಂದು ಸಲ ಆ ರೂಢಿ ಬಿದ್ದ ಆಸ್ಪತ್ರೆ ಬೇರೆ ಸಪ್ಲೈಯರನ್ನು ಹುಡುಕಿಕೊಂಡು ಹೋಗುವುದು ಕಷ್ಟ. ಮೇಷ್ಟ್ರು ಇದನ್ನು ಪೈಪೋಟಿಯಲ್ಲಿ ಗೆಲ್ಲುವ ಉಪಾಯ ಎಂದು ವಿವರಿಸುತ್ತಿದ್ದರೆ ನಾವು ಆ ಟರ್ಮಿನಲ್ಲಿನ ಮುಂದೆ ಕೂತಿದ್ದವರು ಯಾರಿರಬಹುದು ಎಂದು ಯೋಚಿಸುತ್ತಿದ್ದೆವು. ನಮ್ಮಂಥವರೇ ಇರಬೇಕು. ಪುಸ್ತಕದಲ್ಲಿ ಅವರ ಮಾತಿಲ್ಲ.

ಡೇಟಾಬೇಸಿನ ಪಾಠವನ್ನು ಗಲ್ಫಿನಲ್ಲಿರುವವರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಬರೆದ ಲೇಖನದಿಂದ ಶುರುವಾದ ಕೋಷ್ಟಕಗಳ ಪದ್ಧತಿ ಅದು. ಪ್ರತಿ ಸಾಲಿಗೂ ಇನ್ನಾರಿಗೂ ಇರದ ಒಂದು ಗುರುತು ಬೇಕು ಎನ್ನುವುದು ಅದರ ಬೇರು. ನಮ್ಮ ಕೌಂಟರಿಗೆ ದಿನಕ್ಕೆ ಎಷ್ಟು ಮಂದಿ ಮೊಹಮ್ಮದ್ ಅಲಿಗಳು ಬರುತ್ತಾರೆ ಎಂದು ಎಣಿಸಿದವರಿಲ್ಲ. ಮನೆತನದ ಹೆಸರಿಲ್ಲದ ನಾವು ಕನ್ನಡಿಗರೂ ಕಡಿಮೆಯಲ್ಲ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೊನೆಗೆ ಬಂದು, ಆಸ್ಪತ್ರೆಯಲ್ಲಿ "ಮಿಸ್ಟರ್ ಹನುಮಂತಪ್ಪ" ಎಂದು ಕರೆದರೆ ಮಗ ಏಳುವುದೇ ಇಲ್ಲ, ಹನುಮಂತಪ್ಪನವರು ಸಿಂಧನೂರಿನಲ್ಲಿ ಹೊಲದಲ್ಲಿದ್ದಾರೆ. ಅದಕ್ಕೇ ನಂಬರು. ನಿಮ್ಮ ಜೇಬಿನ ಎಮಿರೇಟ್ಸ್ ಐಡಿ ತೆಗೆದು ನೋಡಿ: 15 ಅಂಕಿ, ಮೊದಲು 784, ಅದು ಈ ದೇಶದ ಅಂತರರಾಷ್ಟ್ರೀಯ ಕೋಡು, ಆಮೇಲೆ ನೀವು ಹುಟ್ಟಿದ ವರ್ಷ. ಕೌಂಟರಿನಲ್ಲಿ ನಾವು ಹೆಸರು ಹೇಳಿದರೂ ಬಿಡದೆ ಕಾರ್ಡು ಕೇಳಿದರೆ ದಯವಿಟ್ಟು ಬೇಸರಿಸಬೇಡಿ. ಇನ್ನೊಬ್ಬರ ಮಾತ್ರೆ ನಿಮ್ಮ ಚೀಲಕ್ಕೆ ಬೀಳಬಾರದು ಎಂದೇ ಕೇಳುವುದು.

ಉಳಿದ ಅಧ್ಯಾಯಗಳು, ಅಂದರೆ ಇ-ಕಾಮರ್ಸ್, ಕ್ಲೌಡ್, ಪೋರ್ಟರ್ ಅವರ ಐದು ಬಲಗಳು, ಎಲ್ಲವನ್ನೂ ಓದಿದೆವು, ಬರೆದೆವು. ಅವುಗಳಿಂದ ನಮಗಾದದ್ದು ಅಂಕ ಮಾತ್ರ.

ಸೆಮಿಸ್ಟರಿನ ನಡುವೆ ಅಸೈನ್‌ಮೆಂಟ್ ಬಂತು. ನೀವು ಕೆಲಸ ಮಾಡುವ ಜಾಗದ ಒಂದು ಇನ್ಫರ್ಮೇಶನ್ ಸಿಸ್ಟಮನ್ನು ವಿವರಿಸಿ, ಡೇಟಾ ಹರಿಯುವ ಚಿತ್ರ ಬರೆಯಿರಿ, ಒಂದು ದೋಷ ಗುರುತಿಸಿ. ಅಂದು ರಾತ್ರಿ ರೋಲ್ಲಾದ ಒಂದು ಕೆಫೆಟೇರಿಯಾದಲ್ಲಿ ಕೂತು ಬಹಳ ಹೊತ್ತು ಚರ್ಚೆ ಮಾಡಿದೆವು. ಆ ಈದ್ ರಾತ್ರಿಯನ್ನು ಬರೆಯಬೇಕೋ ಬೇಡವೋ? ಬೇಡ, ಎಲ್ಲೋ ಹೋಗಿ ಯಾರ ಕೈಗೋ ಸಿಕ್ಕಿದರೆ ಎಂದರು ಪುತ್ತೂರಿನವರು. ಬರೆಯದಿದ್ದರೆ ಇಷ್ಟು ಓದಿದ್ದು ಯಾಕೆ ಎಂದರು ಅಕ್ಕ. ಕೊನೆಗೆ ರಾಯಚೂರಿನವರು, "ಬರೀರಿ. ನನ್ನ ಹೆಸರಂತೂ ಫೈಲಿನ್ಯಾಗ ಐತಿ, ಈಗ ಖರೇ ಏನಾತು ಅನ್ನೋದೂ ಒಂದ್ ಕಡೆ ಇರ್ಲಿ" ಎಂದರು. ಆಸ್ಪತ್ರೆಯ ಹೆಸರು ಬಿಟ್ಟು ಮೂವರೂ ಬರೆದೆವು.

ಬರೆದು ಕಳಿಸಿದ ಮರುವಾರ ವಿಶ್ವವಿದ್ಯಾಲಯದಿಂದ ಮೇಲ್: ನಿಮ್ಮ ಮೂವರ ಉತ್ತರಗಳು ಒಂದನ್ನೊಂದು ಹೋಲುತ್ತವೆ, ನಕಲು ಎಂದು ಸಿಸ್ಟಮ್ ಗುರುತಿಸಿದೆ, ವಿವರಣೆ ಕೊಡಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಷ್ಟ್ರಿಗೆ ವಿಡಿಯೋ ಕಾಲ್ ಮಾಡಿ, ಸಾರ್, ಫ್ರಿಜ್ಜು ಒಂದೇ ಇತ್ತು ಎಂದು ಹೇಳಿದೆವು. ಅವರು ಪೂರ್ತಿ ಕೇಳಿಸಿಕೊಂಡರು. ಒಬ್ಬರು ಮಾಲು ಒಳಬರುವುದನ್ನು, ಒಬ್ಬರು ವಾರ್ಡಿಗೆ ಹೋಗುವುದನ್ನು, ಒಬ್ಬರು ಮೇಲಿನವರಿಗೆ ಹೋಗುವ ರಿಪೋರ್ಟನ್ನು ಮತ್ತೆ ಬರೆಯಿರಿ ಎಂದು ಹಂಚಿಕೊಟ್ಟರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ನಿಮ್ಮಲ್ಲಿ ಯಾರು 40 ಒತ್ತಿದರು ಎಂದು ಮೂವರೂ ಬರೆದಿದ್ದೀರಿ, ಆದರೆ ತಿಂಗಳಿಗೆ 120 ಪೆನ್ನು ಖರ್ಚಾಗುವ ಕಡೆ ಒಂದೇ ಸಲ 200 ಬಂತು ಎಂದಾಗ ಆ ಪರದೆ 'ಖಚಿತವೇ' ಎಂದು ಯಾಕೆ ಕೇಳಲಿಲ್ಲ ಎಂದು ಒಬ್ಬರೂ ಬರೆದಿಲ್ಲವಲ್ಲ?

ನಿಜ, ನಮಗೆ ಅದು ಹೊಳೆದೇ ಇರಲಿಲ್ಲ. ಡೋಸಿನ ವಿಷಯದಲ್ಲಿ ನಾವೇ ದಿನಾ ಹಾಗೆ ಕೇಳುತ್ತೇವೆ. ಚೀಟಿಯಲ್ಲಿ ಹತ್ತರ ಬದಲು ನೂರು ಯೂನಿಟ್ ಕಂಡರೆ ಡಾಕ್ಟರಿಗೆ ಫೋನ್ ಮಾಡದೆ ಕೊಡುವುದಿಲ್ಲ. ಅಂಕಿ ಮಿತಿ ಮೀರಿದರೆ ತಡೆದು ಕೇಳುವ ಆ ಗುಣವನ್ನು ಸಿಸ್ಟಮಿಗೂ ಕಲಿಸಬಹುದು, ಪಠ್ಯದಲ್ಲಿ ಅದಕ್ಕೆ ವ್ಯಾಲಿಡೇಶನ್ ಎಂದು ಹೆಸರು. ನಮ್ಮದಕ್ಕೆ ಯಾರೂ ಕಲಿಸಿರಲಿಲ್ಲ. ತಪ್ಪು ನಮ್ಮದಲ್ಲ ಎಂದು ಇದರರ್ಥವಲ್ಲ. ಲಾಗಿನ್ ತೆರೆದಿಟ್ಟವರು ನಾವೇ, ಖಾಲಿ ತಟ್ಟೆ ನೋಡಿ ಸುಮ್ಮನಿದ್ದವರೂ ನಾವೇ. ಆದರೆ ಒಂದು ಪತ್ರದಲ್ಲಿ ಒಂದು ಹೆಸರು ಬರೆದು ಫೈಲು ಮುಚ್ಚಿದವರಿಗೆ ಅದೇ ತಪ್ಪು ಮತ್ತೆ ಆಗುವುದನ್ನು ತಡೆಯುವ ದಾರಿ ಸಿಕ್ಕಿರಲಿಲ್ಲ.

ತಿದ್ದಿದ ಮೂರು ಅಸೈನ್‌ಮೆಂಟುಗಳನ್ನು ಒಟ್ಟು ಮಾಡಿ, ಅಷ್ಟರಲ್ಲಿ ಹೊಸದಾಗಿ ಬಂದಿದ್ದ ಚೀಫ್ ಫಾರ್ಮಸಿಸ್ಟ್ ಮೇಡಂಗೆ ಕೊಟ್ಟೆವು. ಕೊಡುವಾಗ ಕೈ ನಡುಗಿದ್ದು ಸುಳ್ಳಲ್ಲ. ಅವರು ಎರಡು ವಾರ ಏನೂ ಹೇಳಲಿಲ್ಲ. ಆಮೇಲೆ ಐಟಿಯವರು ಬಂದರು. ಈಗ ಒಂದು ತಿಂಗಳ ಖರ್ಚಿಗಿಂತ ಹೆಚ್ಚು ಒತ್ತಿದರೆ ಪರದೆ ನಿಲ್ಲುತ್ತದೆ, ಪೆಟ್ಟಿಗೆಯೋ ಪೆನ್ನೋ ಎಂದು ಕೇಳುತ್ತದೆ. ಲಾಗಿನ್ನಿಗೆ ಬ್ಯಾಡ್ಜ್ ತೋರಿಸಿದರೆ ಸಾಕು, ಒಬ್ಬರದರಲ್ಲಿ ಇನ್ನೊಬ್ಬರು ಕೆಲಸ ಮಾಡುವ ಅಗತ್ಯವೇ ಇಲ್ಲ. ಪೆಟ್ಟಿಗೆಯ ಮೇಲಿನ ಚೌಕದ ಕೋಡು ಸ್ಕ್ಯಾನ್ ಮಾಡಿದರೆ ಬ್ಯಾಚು, ಎಕ್ಸ್‌ಪೈರಿ ತಾನಾಗಿ ಬರುತ್ತವೆ. ಫ್ರಿಜ್ಜಿನ ಮಾಲನ್ನು ವಾರಕ್ಕೊಮ್ಮೆ ಎಣಿಸುತ್ತೇವೆ. ಎಚ್ಚರಿಕೆ ಪತ್ರ ಮಾತ್ರ ಫೈಲಿನಲ್ಲಿ ಹಾಗೇ ಇದೆ. ಅದನ್ನು ತೆಗೆಯುವ ನಿಯಮ ಇಲ್ಲವಂತೆ. ಮೇಡಂ ಅದರ ಹಿಂದೆ ಅಸೈನ್‌ಮೆಂಟಿನ ಪ್ರತಿಯೊಂದನ್ನು ಪಿನ್ ಮಾಡಿಸಿದ್ದಾರೆ.

ಪರೀಕ್ಷೆ ಮನೆಯಿಂದಲೇ, ಕ್ಯಾಮರಾ ಮುಂದೆ. ಅಕ್ಕನದು ಸಂಸಾರದ ಮನೆ, ಮಕ್ಕಳನ್ನು ಕೆಳಗಿನ ಪಾರ್ಕಿಗೆ ಅಟ್ಟಿ ಬರೆದರು. ರಾಯಚೂರಿನವರದು ನಾಲ್ಕು ಜನರ ರೂಮು. ಉಳಿದ ಮೂವರು ಎರಡು ಗಂಟೆ ಮೆಟ್ಟಿಲ ಮೇಲೆ ಕೂತಿದ್ದರು. ಪುತ್ತೂರಿನವರ ರೂಮಿನಲ್ಲಿ ಯಾರೋ ಒಬ್ಬರು ಮರೆತು ಲುಂಗಿಯಲ್ಲಿ ಹಿಂದಿನಿಂದ ಹಾದುಹೋಗಿ, 'ಇನ್ನೊಬ್ಬ ವ್ಯಕ್ತಿ ಪತ್ತೆ' ಎಂದು ಪರದೆ ಕೆಂಪಾಗಿ, ಆ ಪೇಪರು ರದ್ದಾಯಿತು. ಅವರು ಮುಂದಿನ ಸಲ ಮತ್ತೆ ಬರೆದು ನಮ್ಮಿಬ್ಬರಿಗಿಂತ ಹೆಚ್ಚು ಅಂಕ ತೆಗೆದರು. ಈಗ ಮೂರನೇ ಸೆಮಿಸ್ಟರು. ಅಕೌಂಟ್ಸ್ ಹೆದರಿದಷ್ಟೇ ಕಷ್ಟವಾಗಿದೆ. ಸ್ಟೋರ್ ಇನ್‌ಚಾರ್ಜ್ ಹುದ್ದೆ ಸದ್ಯಕ್ಕೆ ಖಾಲಿಯಾಗುವ ಲಕ್ಷಣವಿಲ್ಲ.

ಇದನ್ನು ಬರೆದು ಮುಗಿಸುವ ಹಿಂದಿನ ರಾತ್ರಿ ವಾರದ ಎಣಿಕೆ ಇತ್ತು. ಪರದೆಯಲ್ಲಿ 46, ಫ್ರಿಜ್ಜಿನಲ್ಲಿ 45. ಮೂವರೂ ಡ್ಯೂಟಿ ಮುಗಿಸಿದ್ದೆವು, ಕೆಳಗೆ ವ್ಯಾನು ಹಾರ್ನ್ ಹಾಕುತ್ತಿತ್ತು. ಒಂದು ಪೆನ್ನು ತಾನೇ, ನಾಳೆ ನೋಡಿದರಾಯಿತು ಎಂದು ಯಾರೂ ಹೇಳಲಿಲ್ಲ. ವ್ಯಾನು ಹೋಯಿತು. ಒಂಬತ್ತೂ ಹತ್ತಕ್ಕೆ ಅದು ನಾಲ್ಕನೇ ವಾರ್ಡಿನ ರಿಟರ್ನ್ ಟ್ರೇಯಲ್ಲಿ, ಡಿಸ್ಚಾರ್ಜ್ ಆದ ರೋಗಿಯೊಬ್ಬರ ಚೀಟಿಯ ಕೆಳಗೆ ಸಿಕ್ಕಿತು.